ಕರಟ

ಬಂದರು ಬಿಟ್ಟ ಮಂಜಿಯಲ್ಲಿ
ದುಡ್ಡಿಗೆ ಬೆಲೆಯಿಲ್ಲ.
ಕರಟದೊಳಗೆ ಏಳು ಕವಡೆ ಇಟ್ಟು
ಕೈಕಟ್ಟಿ ಕೂರಬೇಕು.
ಎಸೆಯುವುದು ಅಲೆ.
ನಾಲ್ಕು ಅಂಗಾತ ಬಿದ್ದರೆ ಗೆದ್ದೆ.
ಪಣ: ಒಂದು ರಾತ್ರಿಯ ನಿದ್ದೆ.

ಪೊಡಿಮೋನು ಮೂರು ಸೋತ.
ಸುಕ್ರ ಮೆಂಡನ್ ಎಂಟು, ಆಮೇಲೆ
ಇನ್ನೂ ಬಾರದ ಮಳೆಗಾಲದ್ದನ್ನೂ
ಸಾಲವಾಗಿ ಇಟ್ಟ.
ಎಲ್ಲ ಇದಿನಬ್ಬನ ಪಾಲು.
ಕಡಲು ನಿನ್ನ ಮಾವನಾ ಎಂದು ಬೈದೆವು.

ಈಗ ಧಕ್ಕೆಯಲ್ಲಿ ಹೆಂಚು ತುಂಬುತ್ತಿದ್ದಾರೆ.
ಈರುಳ್ಳಿ ಮೂಟೆಯ ಮೇಲೆ ಇದಿನಬ್ಬ,
ಐದು ದಿನದ ಗೊರಕೆ.
ಕೆಂಪು ಕಣ್ಣಿನ ನಾವು ಸುತ್ತ ಕೂತು
ಕಾಗೆ ಓಡಿಸುತ್ತೇವೆ.

ಎಬ್ಬಿಸಬೇಡಿ ಮಾರಾಯ್ರೆ,
ಅದರಲ್ಲಿ ನಮ್ಮದೂ ಇದೆ.

ಹುಟ್ಟಿದಂದಿನಿಂದ ಉಮ್ಮಾ ಅನ್ನುವ ನಾಲಗೆ
ನಿನ್ನೆ ನಿದ್ದೆಯಲ್ಲಿ
ಅಪ್ಪೇ ಎಂದಿತು.

ಸುಕ್ರ ಎದ್ದು ಆಚೆ ಹೋದ.