ಒಂಬತ್ತನೇ ಮೆಟ್ಟಿಲಿನ ಊರು

ನೋಡಲಿಕ್ಕೆ ಎಂತ ಉಂಟು ಕಾಸರಗೋಡಿನಲ್ಲಿ, ಕೇಳಿದಿರಿ,
ಎರಡು ರೈಲುಗಳ ನಡುವೆ, ಚಹಾ ಆರುವ ಮುಂಚೆ.
ನಾನು ಬೋರ್ಡು ಬರೆಯುವವ. ಮೂವತ್ತೆಂಟು ವರ್ಷ
ಈ ಊರನ್ನು ಕಂಡದ್ದು ಏಣಿಯ ಒಂಬತ್ತನೇ ಮೆಟ್ಟಿಲಿಂದ.

ಅಲ್ಲಿಂದ ಕಡಲು ಕಾಣುವುದಿಲ್ಲ, ಸುಳ್ಳು ಹೇಳಬಾರದು.
ನೆಲ್ಲಿಕುಂಜೆಯ ತೆಂಗಿನ ತಲೆಗಳಾಚೆ ಆಕಾಶ ಸ್ವಲ್ಪ
ತೆಳ್ಳಗಿರುತ್ತದೆ, ನೀಲಿಗೆ ನೀರು ಹೆಚ್ಚಾದ ಹಾಗೆ.
ಅದೇ ಕಡಲು ಎಂದು ತಿಳಿಯಬೇಕು.
ತೆಂಕಣದಲ್ಲಿ ಚಂದ್ರಗಿರಿ ಹೊಳೆ
ಕೋಟೆಯ ಬುಡದಲ್ಲಿ ಹೊರಳಿ, ರೈಲಿನ ಸಂಕದಡಿ ನುಸುಳಿ
ಅವಸರವಿಲ್ಲದೆ ಉಪ್ಪಾಗುತ್ತದೆ.

ಉಪ್ಪುಗಾಳಿಯೇ ನನಗೆ ಅನ್ನ ಹಾಕಿದ್ದು, ಮಾರಾಯರೇ.
ಮೂರು ಮಳೆಗಾಲಕ್ಕೆ ಯಾವ ಬಣ್ಣವೂ ಸುಲಿದು ಬರುತ್ತದೆ.
ವಿಠೋಬ ಪ್ರಭುಗಳ ಜವುಳಿ ಅಂಗಡಿಯ 'ಜ' ಉದುರಿ
ಒಂದು ವರ್ಷ ಅವರು 'ವುಳಿ' ಮಾರಿದರು.
ವ್ಯಾಪಾರವೇನೂ ಕಮ್ಮಿಯಾಗಲಿಲ್ಲ.

ತಳಂಗರೆಯಲ್ಲಿ ಬೀಫಾತುಮ್ಮ ಟೊಪ್ಪಿ ಹೊಲಿಯುತ್ತಾರೆ,
ಬಿಳಿಯ ಮೇಲೆ ಬಿಳಿ ನೂಲು.
ಕಾಣದ ಹೂವು ಯಾರಿಗೆ ಉಮ್ಮಾ, ಕೇಳಿದೆ.
'ಬೆರಳಿಗೆ' ಅಂದರು.

ಮೀನು ಮಾರ್ಕೆಟಿನ ಕಾರ್ತ್ಯಾಯಿನಿಗೆ ಹಲಗೆ ಬರೆದುಕೊಟ್ಟೆ,
ಒಂದು ಮಗ್ಗುಲು ಬೂತಾಯಿ, ಇನ್ನೊಂದು ಮಗ್ಗುಲು ಮತ್ತಿ.
ಎರಡರಲ್ಲಿ ಯಾವುದು ತಾಜಾ ಎಂದು ಒಬ್ಬ ಜಗಳಕ್ಕೇ ನಿಂತ.
ಅವಳು ತುಳುವಿನಲ್ಲಿ ಬೈದು, ಮಲಯಾಳದಲ್ಲಿ ತೂಗಿ,
ಚಿಲ್ಲರೆ ಎಣಿಸಿದ್ದು ಕನ್ನಡ ಶಾಲೆಯ ಮಗ್ಗಿಯಲ್ಲಿ.

ಇನ್ನೊಂದುಂಟು. ನಾಲಗೆ ಮಡಚಿ ಹೇಳುವ ಒಂದು ಅಕ್ಷರ,
ನಮ್ಮವರು ಹಳಗನ್ನಡದ ದಾರಿಯಲ್ಲೆಲ್ಲೋ ಬೀಳಿಸಿ ಬಂದದ್ದು,
ಇಲ್ಲಿ ಹಣ್ಣಿನಂಗಡಿಯ ಮಲಯಾಳ ಬೋರ್ಡಿನಲ್ಲಿ
ನೇಂದ್ರ ಗೊನೆಯ ಪಕ್ಕ ತೂಗುತ್ತಿರುತ್ತದೆ.
ಅದನ್ನು ಬರೆಯುವಾಗೆಲ್ಲ ಕೈ ಒಂದು ಗಳಿಗೆ ನಿಲ್ಲುತ್ತದೆ,
ಕಳೆದುಹೋದ ಅಣ್ಣ
ನೆರೆಮನೆಯಲ್ಲಿ ಉಣ್ಣುತ್ತ ಕೂತದ್ದು ಕಂಡ ಹಾಗೆ.

ಈಗ ಎಲ್ಲ ಫ್ಲೆಕ್ಸ್. ಹೆದ್ದಾರಿಯೂ ಕಂಬ ಹತ್ತಿ
ನನ್ನ ಏಣಿಗಿಂತ ಎತ್ತರದಲ್ಲಿ ಊರು ದಾಟುತ್ತದೆ.
ಅಲ್ಲಿಂದ ನೋಡಿದರೆ ನಾವು ಬರೀ ಹಂಚು, ನೀರಿನ ಟಾಂಕಿ,
ಯಾರೋ ಒಣಗಿಸಿದ ಹಸಿರು ಲುಂಗಿ.
ಬೋರ್ಡು ಓದುವಷ್ಟು ನಿಧಾನ ಯಾರಿಗೂ ಇಲ್ಲ.

ಕೇಳಿತಾ? ನಿಮ್ಮ ಗಾಡಿ. ಎರಡನೇ ಪ್ಲಾಟ್‌ಫಾರ್ಮು.
ಚಹಾದ ದುಡ್ಡು ಇರಲಿ, ನಾನು ಕೊಡುತ್ತೇನೆ.
ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಡಿ,
ನಿನ್ನೆ ಬಳಿದದ್ದು, ಗಾಳಿಯಲ್ಲಿ ತೇವ, ಇನ್ನೂ ಒಣಗಿಲ್ಲ.
ಅಂಗಿಗೆ ಹತ್ತಿದರೆ ಹೋಗುವುದಿಲ್ಲ.