ಅಜ್ಜನ ನೆತ್ತಿ

ಹತ್ತೊಂಬತ್ತು ವರ್ಷ ಇಲಿಮಾನಿಯ ಬುಡದಲ್ಲಿ
ಒಲೆ ಹೊತ್ತಿಸಿದವಳು ಸಾತುರ್ನಿನಾ.
ಇಳಿದು ಬಂದವರಿಗೆಲ್ಲ ಸೂಪು ಬಡಿಸುತ್ತ
ಒಂದೇ ಪ್ರಶ್ನೆ: ಮೇಲೆ ಏನಿತ್ತು?

ಒಬ್ಬ ಅಂದ, ದೇವರು. ಒಬ್ಬ ಅಂದ, ಗಾಳಿ.
ತುಟಿಯೊಡೆದ ಜರ್ಮನ್ ಹುಡುಗಿ ಸುಮ್ಮನೆ ಅತ್ತಳು,
ಬಟ್ಟಲನ್ನು ಎರಡೂ ಕೈಲಿ ಹಿಡಿದು, ಕುಡಿಯದೆ.
ಗಂಡ ಕ್ಲೆಮೆಂತೆ, ನಲವತ್ತು ಸಲ ಹೋಗಿಬಂದವನು,
ಬೂಟು ಬಿಚ್ಚುತ್ತ ಅಂದ: ಏನಿಲ್ಲ ಕಣೆ,
ಇಳಿಯೋ ದಾರಿ ಇದೆ.

ಐವತ್ತನೆಯ ಚಳಿಗಾಲಕ್ಕೆ ಹೊರಟೇಬಿಟ್ಟಳು.
ನೆರಿಗೆಲಂಗದ ಕೆಳಗೆ ಕಡ ತಂದ ಮುಳ್ಳುಬೂಟು,
ಜಡೆಗಳ ಮೇಲೆ ಹೆಲ್ಮೆಟ್ಟು, ದವಡೆಯಲ್ಲಿ ಕೋಕಾ ಎಲೆ.
ರಾತ್ರಿಯಿಡೀ ಹಣೆದೀಪದ ಬಟ್ಟಲಗಲ ಬೆಳಕು,
ಅಷ್ಟೇ ಜಗತ್ತು.
ಒಂದು ಹೆಜ್ಜೆ, ಮೂರು ಉಸಿರು. ಒಂದು ಹೆಜ್ಜೆ,
ಎಣಿಕೆಯೂ ಮರೆತುಹೋಯಿತು.

ತುದಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.
ಹಗ್ಗ ಸಡಿಲಾಯಿತು, ಮುಂದಿನವನ ಬೆನ್ನು ನಿಂತಿತು,
ಕಾಲು ಮಾತ್ರ ಇನ್ನೂ ಏರು ಹುಡುಕುತ್ತಿತ್ತು,
ಕತ್ತಲಲ್ಲಿ ಮೆಟ್ಟಿಲು ಮುಗಿದರೂ
ಇನ್ನೊಂದಿದೆಯೆಂದು ಎತ್ತಿದ ಪಾದದಂತೆ.

ದೇವರಿರಲಿಲ್ಲ; ಇದ್ದರೂ ಕಾಣುವಂತಿರಲಿಲ್ಲ,
ರೆಪ್ಪೆಗೆ ಹಿಮ ಮೆತ್ತಿತ್ತು.
ಖುಷಿ? ಹೆಬ್ಬೆರಳು ನೋಯುತ್ತಿತ್ತು.
ಯಾರೋ ಬೆನ್ನು ತಟ್ಟಿದರು, ಯಾರೋ ಫೋಟೋ ಅಂದರು.

ಆಮೇಲೆ ಬೆನ್ನ ಹಿಂದೆ ಸೂರ್ಯ ಹುಟ್ಟಿದ.
ಪಡುವಣ ಬಯಲ ಮೇಲೆ ಬೆಟ್ಟದ ನೆರಳು
ಮುಮ್ಮೂಲೆಯಾಗಿ, ನೀಲಿಯಾಗಿ, ಹರದಾರಿಗಟ್ಟಲೆ ಚಾಚಿ,
ಅದರ ಮೊನೆ ಹೋಗಿ ತಾಗಿದ್ದು
ಅವಳು ಹುಟ್ಟಿದ ಊರಿಗೆ.

ಅಲ್ಲಿ, ಇದೇ ಹೊತ್ತಿಗೆ, ಏಳು ವರ್ಷದವಳಿದ್ದಾಗ,
ರಾತ್ರಿಯ ಕೊರೆತಕ್ಕೆ ಹರವಿ ಕಲ್ಲಾದ ಆಲೂಗಡ್ಡೆ
ಬಿಸಿಲಿಗೆ ಮೆತ್ತಗಾಗಲೆಂದು, ತುಳಿಯಲೆಂದು
ಬರಿಗಾಲಲ್ಲಿ ಕಾಯುತ್ತ ಬೆಟ್ಟವನ್ನು ಬೈದಿದ್ದಳು:
ಸರಿಯೋ ಅತ್ತ! ನಿನ್ನಿಂದಲೇ ನಮಗೆ ಬೆಳಗು ತಡ.
ಅಮ್ಮ ಬಾಯಿ ಮುಚ್ಚಿಸಿದ್ದಳು:
ಅಜ್ಜ ಅದು. ಬೈಯಬಾರದು.

ಈಗ ಆ ಅಜ್ಜನ ನೆತ್ತಿಯ ಮೇಲೆ ಲಂಗ ಪಟಪಟಿಸುತ್ತ ನಿಂತವಳು
ಕೈ ಎತ್ತಿ ಆಡಿಸಿ ನೋಡಿದಳು.
ಅಷ್ಟು ದೂರದ ನೆರಳಲ್ಲಿ ಏನೂ ಅಲುಗಲಿಲ್ಲ.
ಆದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು,
ಕೆಳಗೆ ಯಾವಳೋ ಹುಡುಗಿಗೆ
ಅಂಗೈಯಗಲ ಬಿಸಿಲು ಬೇಗ ಸಿಗಲಿ ಅಂತ.

ಇಳಿದಾಗ ಒಲೆಯ ಬಳಿ ಹೊಸ ಹುಡುಗ ರುಫೀನೋ
ಬಟ್ಟಲು ಚಾಚಿ ಕೇಳಿದ: ಮೇಲೆ ಏನಿತ್ತು?
ಸಾತುರ್ನಿನಾ ಒಂದು ಗುಟುಕು ಕುಡಿದಳು.
ಉಪ್ಪು ಕಮ್ಮಿಯಾಯ್ತು, ಅಂದಳು.
ಇನ್ನೊಂದು ಬಟ್ಟಲು ಹಾಕಿಸಿಕೊಂಡಳು.