ಗ, ಗೆ ಅಲ್ಲ

ಉಪ್ಪಳ ಬಸ್‌ಸ್ಟ್ಯಾಂಡಿನೆದುರು, ಬಾವನ ಮೊಬೈಲ್ ಅಂಗಡಿಯಲ್ಲಿ ನನಗೆ ಕೆಲಸ.
ಒಡೆದ ಗಾಜು, ಉಬ್ಬಿದ ಬ್ಯಾಟರಿ, ಮರೆತ ಪ್ಯಾಟರ್ನು.
ಹೆಚ್ಚಿನವರದು ಒಂದೇ ದೂರು:
“ಜಾಗ ಇಲ್ಲ ಅಂತ ಹೇಳ್ತದೆ ಮಾರಾಯ,
ಸ್ವಲ್ಪ ಖಾಲಿ ಮಾಡಿಕೊಡು.”

ಇವತ್ತು ಬಂದವರು ಐಸ್ ಲಾರಿಯ ಅಂದುಂಞಿಚ್ಚ.
ಶುಭ ಮುಂಜಾನೆಯ ಗುಲಾಬಿಗಳು,
ಮೂರು ಕಡೆಯಿಂದ ಬಂದ ಅದೇ ಮದುವೆಯ ವಿಡಿಯೋ,
ಅಳಿಸುತ್ತ ಅಳಿಸುತ್ತ
ಹೆಬ್ಬೆರಳು ನಿಂತಿತು.

ಪ್ರಸೀದ ಟೀಚರ್.
ಅರ್ಧ ತೆರೆದ ಬಾಯಿ, ಅರ್ಧ ಮುಚ್ಚಿದ ಕಣ್ಣು,
ಕುತ್ತಿಗೆಯ ಕೆಳಗೆ ಮಣ್ಣು ಮೆತ್ತಿದ ಒಂದು ಗೆಣಸು.
ಕತ್ತರಿಸಿದ್ದು, ಅಂಟಿಸಿದ್ದು
ಎಂಟನೇ ಕ್ಲಾಸಿನ ಲತೇಶ. ನಾನು.

ಆ ವರ್ಷ ಶಾಲೆ ಅಮ್ಮನ ಫೋನಿನೊಳಗಿತ್ತು.
ಬೀಡಿ ಎಲೆಯ ತಡ್ಪೆಗೆ ಒರಗಿಸಿಟ್ಟ ಫೋನು,
ಹತ್ತರಿಂದ ಅಕ್ಕನಿಗೆ, ಹನ್ನೊಂದರಿಂದ ನನಗೆ.
ನಮ್ಮ ಕನ್ನಡ ಶಾಲೆಗೆ ಲೆಕ್ಕ ಕಲಿಸಲು ಬಂದವರು ಪಯ್ಯನ್ನೂರಿನವರು.
“ಮಕ್ಕಳೇ, ಗೆಣಿತ ಪುಸ್ತಕ ತೆರೆಯಿರಿ.”
ಗೆಣಿತ!
ಮ್ಯೂಟ್ ಆಗಿದ್ದ ನಲವತ್ತು ಮನೆಗಳಲ್ಲಿ ನಗು.
ದೊಡ್ಡವರು ಆಗ ಮನವಿ ಬರೆಯುತ್ತಿದ್ದರು,
ಕನ್ನಡ ಬಲ್ಲವರನ್ನೇ ಕಳಿಸಿ ಎಂದು. ನ್ಯಾಯದ ಮಾತು.
ನಾನೂ ಅದೇ ನ್ಯಾಯದ ಪರ ಎಂದುಕೊಂಡೆ,
ನೆಟ್‌ವರ್ಕ್ ಸಿಗದೆ ಅವರ ಮುಖ ನಿಂತ ಕ್ಷಣ
ಎರಡು ಗುಂಡಿ ಒಟ್ಟಿಗೆ ಒತ್ತಿದಾಗ.

ಮನವಿಗೆ ಸಹಿ ಇತ್ತು.
ನನ್ನದಕ್ಕೆ ಇರಲಿಲ್ಲ.

ನಿಸಾಫನಿಗೆ ಮಾತ್ರ ಕಳಿಸಿದ್ದು, ಆಣೆ.
ಸಂಜೆಗೆ ಕ್ಲಾಸಿನ ಗ್ರೂಪು.
ರಾತ್ರಿಗೆ ಅಮ್ಮನ ಬೀಡಿ ಬ್ರಾಂಚಿನ ಗ್ರೂಪು.
ಅಮ್ಮ ಮೊದಲು ನಕ್ಕಳು, ನನಗೇ ತೋರಿಸಿದಳು,
ಆಮೇಲೆ “ಪಾಪ, ಯಾರ ಮಗಳೋ” ಎಂದಳು.
‘ಎಲ್ಲರಿಗೂ ಅಳಿಸು’ ಒತ್ತಿದೆ.
ಎಲ್ಲರೂ ಎಂದರೆ ಎಷ್ಟು ಜನ
ಎಂದು ಆ ಗುಂಡಿಗೆ ಗೊತ್ತಿರಲಿಲ್ಲ.

ಮರುದಿನ ಟೀಚರ ಚೌಕದಲ್ಲಿ ಮುಖವಿಲ್ಲ,
ನೇರಳೆ ವೃತ್ತದೊಳಗೆ ಹೆಸರಿನ ಮೊದಲಕ್ಷರ ಮಾತ್ರ.
ಭಿನ್ನರಾಶಿ ಕಲಿಸಿದರು. ‘ಲೆಕ್ಕ’ ಎಂದರು.
ಆ ಇನ್ನೊಂದು ಶಬ್ದ
ವರ್ಷವಿಡೀ ಅವರ ಬಾಯಿಂದ ಮತ್ತೆ ಬರಲಿಲ್ಲ.
“ಸಂಶಯ ಇದ್ದವರು ಕೈ ಎತ್ತಿ.”
ಹಳದಿ ಕೈ ಎತ್ತಿದೆ.
“ಲತೇಶ, ಹೇಳು.”
ಮೈಕ್ ತೆರೆದೆ. ಅಕ್ಕ ಬಾವಿಯಿಂದ ನೀರು ಸೇದುವ ಸದ್ದು
ಅಷ್ಟೇ ಕೇಳಿಸಿರಬೇಕು ಅವರಿಗೆ.
“ಏನಿಲ್ಲ ಟೀಚರ್.”
ಕೈ ಇಳಿಸಿದೆ.

ಆಗ ನನಗೆ ಅಂಚು ಕತ್ತರಿಸಲು ಸರಿಯಾಗಿ ಬರುತ್ತಿರಲಿಲ್ಲ.
ಕಿವಿಯ ಹಿಂದೆ
ಗೋಡೆಯ ಒಂದು ತುಂಡು ಉಳಿದುಬಿಟ್ಟಿದೆ.
ಇವತ್ತು, ಇಷ್ಟು ವರ್ಷಕ್ಕೆ, ಎರಡು ಬೆರಳಿಂದ ಹಿಗ್ಗಿಸಿದೆ.
ಗೋಡೆಗೆ ಅಂಟಿಸಿದ ಹಾಳೆ.
ಕನ್ನಡದ ಗ, ಮಗು ತಿದ್ದಿದ ಹಾಗೆ, ಮೂರು ಸಲ.
ಕೆಳಗೆ ಮಲಯಾಳಂ ಅಕ್ಷರದಲ್ಲಿ, ಕೆಂಪು ಶಾಯಿ:
ಗ, ಗೆ ಅಲ್ಲ.

“ಎಂತ, ಹಾಳಾಗಿದಾ?” ಅಂದುಂಞಿಚ್ಚ ಕೇಳಿದರು.
ಇನ್ನೊಬ್ಬರ ಫೋನು. ಕೇಳದೆ ಅಳಿಸುವಂತಿಲ್ಲ,
ಅಷ್ಟಾದರೂ ಈಗ ಕಲಿತಿದ್ದೇನೆ.
“ಇದೊಂದು ತೆಗೆಯಲಾ?”
ಬಗ್ಗಿ ನೋಡಿ ನಕ್ಕರು.
“ಇರ್ಲಿ ಬಿಡು, ಮೊಮ್ಮಕ್ಕಳು ನಗ್ತಾರೆ. ಯಾರದು?”

“ನನಗೆ ಗಣಿತ ಕಲಿಸಿದವರು,” ಎಂದೆ.
“ಇದನ್ನು ಮಾಡಿದ್ದು ನಾನು.”

ಹೊರಗೆ ತಲಪಾಡಿಯ ಬಸ್ಸು ಹಾರ್ನ್ ಹೊಡೆಯುತ್ತಿದೆ.
ಅವರು ಇನ್ನೂ ಏನೂ ಹೇಳಿಲ್ಲ.
ಹೆಬ್ಬೆರಳು ಗಾಜಿನ ಮೇಲೆ ಹಾಗೆಯೇ.